ಮೂರು ಕಂಪ್ಯೂಟರಿಗೂ ಊರಿನವರ ಫೋನಿಗೂ ಒಂದೇ ಹೋಮ್‌ಪೇಜ್ ಮಾಡೋದು ಹೇಗೆ?

ಪ್ರಶ್ನೆ: ಸರ್, ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಇಲ್ಲಿ ಮೂರು ಕಂಪ್ಯೂಟರ್ ಇವೆ. ಶಾಲೆ ಮಕ್ಕಳು, ಪಿಯುಸಿ ಮುಗಿಸಿದವರು, ಪಹಣಿ ನೋಡೋಕೆ ಬರುವ ರೈತರು, ಎಲ್ಲರೂ ದಿನಾ ಅದೇ ಹತ್ತಿಪ್ಪತ್ತು ವೆಬ್‌ಸೈಟ್ ಕೇಳುತ್ತಾರೆ. ಒಂದು ಕಂಪ್ಯೂಟರಿನ ಕ್ರೋಮ್‌ನಲ್ಲಿ ಅವನ್ನೆಲ್ಲ ಬುಕ್‌ಮಾರ್ಕ್ ಮಾಡಿಟ್ಟಿದ್ದೇನೆ. ಬ್ರೌಸರ್ ತೆರೆದ ಕೂಡಲೇ ಅವು ಕನ್ನಡದಲ್ಲಿ ಒಂದೇ ಪುಟದಲ್ಲಿ ಕಾಣಬೇಕು. ಮೂರರಲ್ಲೂ ಒಂದೇ ಥರ ಇರಬೇಕು. ಬಂದವರು ತಮ್ಮ ಫೋನಿಗೂ ಹಾಕಿಕೊಳ್ಳುವಂತಿರಬೇಕು. ಪಕ್ಕದ ಪಂಚಾಯಿತಿಯವರೂ ಇದನ್ನೇ ಕೇಳುತ್ತಿದ್ದಾರೆ. "ನಿಮ್ಮ ಜಿಮೇಲ್‌ನಿಂದ ಮೂರರಲ್ಲೂ ಸೈನ್ ಇನ್ ಆಗಿಬಿಡಿ, ಎಲ್ಲ ತಾನಾಗೇ ಬರುತ್ತೆ" ಅಂತ ಒಬ್ಬರು ಹೇಳಿದರು. ಹಾಗೆ ಮಾಡಬಹುದಾ? ಹಿಂದೆ ಐಗೂಗಲ್ ಅಂತ ಇತ್ತಲ್ಲ, ಅಂಥದ್ದು ಈಗ ಇಲ್ವಾ?

ಉತ್ತರ: ಮೊದಲು ಆ ಜಿಮೇಲ್ ಸಲಹೆಯನ್ನು ಮುಗಿಸಿಬಿಡೋಣ. ದಯವಿಟ್ಟು ಹಾಗೆ ಮಾಡಬೇಡಿ. ಯಾರ್ಯಾರೋ ಬಂದು ಕೂರುವ ಕಂಪ್ಯೂಟರಿನಲ್ಲಿ ನಿಮ್ಮ ಸ್ವಂತ ಖಾತೆ ತೆರೆದಿಟ್ಟು ಸಿಂಕ್ (ಒಂದು ಯಂತ್ರದಲ್ಲಿ ಉಳಿಸಿದ್ದನ್ನು ಉಳಿದವಕ್ಕೂ ತಾನಾಗೇ ತರುವ ವ್ಯವಸ್ಥೆ) ಹಾಕಿದರೆ ಬುಕ್‌ಮಾರ್ಕ್ ಒಂದೇ ಬರುವುದಿಲ್ಲ. ನೀವು ಮನೆಯಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಬರುತ್ತವೆ, ಲಾಗಿನ್ ಪುಟದಲ್ಲಿ ತಾವಾಗಿ ತುಂಬಿಕೊಂಡು ಕೂರುತ್ತವೆ. ಯಾರಾದರೂ ಜಿಮೇಲ್ ತೆರೆದರೆ ನಿಮ್ಮ ಪತ್ರಗಳೇ ಕಾಣುತ್ತವೆ. ಅವರು ಏನು ಹುಡುಕಿದರು ಅನ್ನುವುದು ನಿಮ್ಮ ಹಿಸ್ಟರಿಗೆ ಬಂದು ಸೇರುತ್ತದೆ. ಸಿಂಕ್ ಇರುವುದು ಒಬ್ಬರೇ ಬಳಸುವ ನಾಲ್ಕಾರು ಯಂತ್ರಗಳಿಗೆ. ಹತ್ತು ಜನ ಬಳಸುವ ಯಂತ್ರಕ್ಕೆ ಅದು ಆಗಿಬರುವುದಿಲ್ಲ.

ಬುಕ್‌ಮಾರ್ಕ್‌ಗಳನ್ನು ಸೈನ್ ಇನ್ ಇಲ್ಲದೆಯೂ ಸಾಗಿಸಬಹುದು. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ಬರುತ್ತದೆ. ಅದರ ಮೂರು ಚುಕ್ಕೆಯಲ್ಲಿ 'ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್' ಇದೆ. ಹೊರಬರುವುದು ಒಂದು ಎಚ್‌ಟಿಎಂಎಲ್ ಫೈಲ್. ಬಹಳ ಜನ ಗಮನಿಸದ ಸಂಗತಿ ಏನೆಂದರೆ, ಆ ಫೈಲ್ ಸ್ವತಃ ಒಂದು ವೆಬ್ ಪುಟ. ಡಬಲ್ ಕ್ಲಿಕ್ ಮಾಡಿ ನೋಡಿ, ನಿಮ್ಮ ಲಿಂಕ್‌ಗಳೆಲ್ಲ ಸಾಲಾಗಿ ತೆರೆದುಕೊಳ್ಳುತ್ತವೆ. ಇದು ನೆಟ್‌ಸ್ಕೇಪ್ ಬ್ರೌಸರ್ ಕಾಲದಿಂದ ಬಂದ ಪದ್ಧತಿ. ಇವತ್ತಿಗೂ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲವೂ ಅದೇ ರೂಪದ ಫೈಲನ್ನು ಓದುತ್ತವೆ. ಒಂದು ಎಚ್ಚರಿಕೆ ಮಾತ್ರ: ಎಕ್ಸ್‌ಪೋರ್ಟ್ ಅಂದರೆ ಎಲ್ಲ ಬುಕ್‌ಮಾರ್ಕ್‌ಗಳೂ ಹೋಗುತ್ತವೆ. ನಿಮ್ಮ ಬ್ಯಾಂಕಿನದು, ಸ್ವಂತದ್ದು ಏನಾದರೂ ಅದರಲ್ಲಿದ್ದರೆ ಅದೂ ಹೋಗುತ್ತದೆ.

ಆದರೆ ನಿಮ್ಮ ಕೆಲಸಕ್ಕೆ ಈ ದಾರಿ ಸಾಲದು. ಫೈಲ್ ಕಳಿಸಿದ ದಿನ ಮೂರೂ ಕಂಪ್ಯೂಟರ್ ಒಂದೇ ಥರ ಇರುತ್ತವೆ. ಆಮೇಲೆ ಒಂದರಲ್ಲಿ ಸೇರಿಸಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ನಮ್ಮ ಸರ್ಕಾರಿ ವೆಬ್‌ಸೈಟ್‌ಗಳ ವಿಳಾಸವೂ ಬದಲಾಗುತ್ತಲೇ ಇರುತ್ತದೆ. ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಮೊದಲು 'ಕರ್ ಡಾಟ್ ನಿಕ್ ಡಾಟ್ ಇನ್' ಕೆಳಗಿತ್ತು. ಈಗ 'ಕರ್ನಾಟಕ ಡಾಟ್ ಗೌವ್ ಡಾಟ್ ಇನ್' ಕೆಳಗೆ ಬಂದಿದೆ. ಆಸ್ತಿ ನೋಂದಣಿಯ ಕಾವೇರಿ 2023ರಲ್ಲಿ ಹೊಸ ರೂಪಕ್ಕೆ ಹೋಯಿತು. ಇಂಥ ಬದಲಾವಣೆ ಬಂದಾಗಲೆಲ್ಲ ಮೂರು ಕಂಪ್ಯೂಟರು, ಐವತ್ತು ಫೋನು ತಿದ್ದುತ್ತಾ ಕೂರೋಕೆ ಆಗುತ್ತಾ? ಅದಕ್ಕೇ ನನ್ನ ಸಲಹೆ: ಲಿಂಕ್‌ಗಳನ್ನು ಹಂಚಬೇಡಿ. ಲಿಂಕ್‌ಗಳಿರುವ ಒಂದು ಪುಟವನ್ನು ನೆಟ್‌ನಲ್ಲಿಟ್ಟು ಅದರ ವಿಳಾಸವನ್ನು ಹಂಚಿ. ನೀವು ಒಂದು ಕಡೆ ತಿದ್ದಿದರೆ ಸಾಕು, ಎಲ್ಲರಿಗೂ ಹೊಸದೇ ಕಾಣುತ್ತದೆ.

ಐಗೂಗಲ್, ಅಂದರೆ ಬೇಕಾದ್ದನ್ನೆಲ್ಲ ಒಂದೇ ಪುಟದಲ್ಲಿ ಜೋಡಿಸಿಕೊಳ್ಳುವ ಗೂಗಲ್ ಸೇವೆ, ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. 2005ರಲ್ಲಿ ಶುರುವಾಗಿ, 2007ರಲ್ಲಿ ಆ ಹೆಸರು ಪಡೆದು, 2013ರ ನವೆಂಬರ್ 1ಕ್ಕೆ ಮುಚ್ಚಿತು. ಅದರ ಜಾಗದಲ್ಲಿ ಈಗ ಸ್ಟಾರ್ಟ್ ಡಾಟ್ ಮಿ, ಸಿಂಬಲೂ ಥರದ ಸೇವೆಗಳಿವೆ. ಅವುಗಳಲ್ಲೂ ಪುಟ ಮಾಡಿ ಬೇರೆಯವರಿಗೆ ಹಂಚಬಹುದು. ಸಿಂಬಲೂವಿನ ಬಣ್ಣದ ಚೌಕಗಳು ಚಿಕ್ಕ ಮಕ್ಕಳಿಗೆ ಇಷ್ಟವಾಗುತ್ತವೆ, ಹೊರದೇಶದ ಶಾಲೆಗಳಲ್ಲಿ ಅದರ ಬಳಕೆ ಚೆನ್ನಾಗಿದೆ. ಆದರೂ ನಿಮಗೆ ನಾನು ಇವನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಬಿಟ್ಟಿ ಖಾತೆಯಲ್ಲಿ ಜಾಹೀರಾತು ಬರಬಹುದು. ಹಳ್ಳಿಯ ಅಜ್ಜ ಪಹಣಿ ಒತ್ತಲು ಹೋಗಿ ಪಕ್ಕದ ಜಾಹೀರಾತು ಒತ್ತಿದರೆ ತಲೆನೋವು ನಿಮಗೇ.

ಹಾಗಾದರೆ ಪುಟ ಎಲ್ಲಿ ಮಾಡುವುದು? ಕೋಡ್ ಬರೆಯಲು ಗೊತ್ತಿರುವವರು ಗಿಟ್‌ಹಬ್ ಪೇಜಸ್‌ನಲ್ಲಿ ಇಡಬಹುದು. ಅದೂ ಬಿಟ್ಟಿ, ಮತ್ತು ಸರಳ ಪುಟವಾದರೆ ನಿಧಾನದ ನೆಟ್‌ನಲ್ಲೂ ಬೇಗ ತೆರೆಯುತ್ತದೆ. ನಿಮಗೆ ಗೂಗಲ್ ಸೈಟ್ಸ್ ಸುಲಭ. ಬಿಟ್ಟಿ, ಜಾಹೀರಾತಿಲ್ಲ, ಕೋಡ್ ಬೇಡ. ಶುರು ಮಾಡುವ ಮೊದಲು ಕೇಂದ್ರದ ಹೆಸರಲ್ಲಿ ಒಂದು ಹೊಸ ಜಿಮೇಲ್ ಖಾತೆ ಮಾಡಿ. ನಿಮ್ಮ ಸ್ವಂತದ್ದು ಬೇಡ. ನಾಳೆ ನೀವು ಕೆಲಸ ಬಿಟ್ಟರೂ ಪುಟ ಕೇಂದ್ರದಲ್ಲೇ ಉಳಿಯಬೇಕಲ್ಲ. ಅದರ ಪಾಸ್‌ವರ್ಡ್ ಪಿಡಿಓ ಅವರ ಬಳಿಯೂ ಒಂದು ಲಕೋಟೆಯಲ್ಲಿ ಇರಲಿ. ಈ ಖಾತೆಯನ್ನೂ ಸಾರ್ವಜನಿಕ ಕಂಪ್ಯೂಟರಿನಲ್ಲಿ ತೆರೆದಿಡಬೇಡಿ. ಪುಟ ತಿದ್ದುವಾಗ ಮಾತ್ರ ತೆರೆದು, ಮುಗಿದ ಮೇಲೆ ಸೈನ್ ಔಟ್ ಮಾಡಿ.

ಗೂಗಲ್ ಸೈಟ್ಸ್‌ನಲ್ಲಿ ಖಾಲಿ ಸೈಟ್ ತೆರೆದು 'ಇನ್ಸರ್ಟ್' ಅನ್ನುವಲ್ಲಿಂದ 'ಬಟನ್' ಆರಿಸಿ. ಹೆಸರು ಮತ್ತು ವಿಳಾಸ ಕೊಟ್ಟರೆ ಒಂದು ಗುಂಡಿ ಸಿದ್ಧ. ಹೀಗೆ ಒಂದೊಂದೇ ಸೇರಿಸುತ್ತಾ ಹೋಗಿ. ಮುಗಿದ ಮೇಲೆ 'ಪಬ್ಲಿಷ್' ಒತ್ತಿದರೆ ವಿಳಾಸಕ್ಕೆ ಒಂದು ಹೆಸರು ಕೇಳುತ್ತದೆ. ಇಲ್ಲಿ ಸ್ವಲ್ಪ ಯೋಚಿಸಿ. ನಿಮ್ಮ ಹೆಸರು, ಇಸವಿ ಏನೂ ಬೇಡ, ಊರಿನ ಹೆಸರು ಸಾಕು. ಆಮೇಲೆ ಈ ಹೆಸರು ಬದಲಿಸಿದರೆ ಹಂಚಿದ ಹಳೆಯ ವಿಳಾಸಗಳೆಲ್ಲ ಸತ್ತಹಾಗೆ. ಇನ್ನೊಂದು, ತಿದ್ದಿದ ಮಾತ್ರಕ್ಕೆ ಬದಲಾವಣೆ ಜನಕ್ಕೆ ಕಾಣುವುದಿಲ್ಲ. ಪ್ರತಿಸಲ ಮತ್ತೆ ಪಬ್ಲಿಷ್ ಒತ್ತಬೇಕು. "ಸೇರಿಸಿದೆ ಸರ್, ಆದ್ರೆ ಬರ್ತಿಲ್ಲ" ಅನ್ನುವ ದೂರುಗಳಲ್ಲಿ ಬಹುಪಾಲಿಗೆ ಇದೇ ಕಾರಣ. ಪ್ರಕಟವಾದ ಸೈಟನ್ನು ಯಾರು ನೋಡಬಹುದು ಅನ್ನುವಲ್ಲಿ 'ಪಬ್ಲಿಕ್' ಇದೆಯಾ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ ಬೇರೆಯವರಿಗೆ ಅನುಮತಿ ಕೇಳುವ ಪುಟ ಬರುತ್ತದೆ.

ಪುಟದಲ್ಲಿ ಏನು ಹಾಕಬೇಕು ಅನ್ನುವುದು ನೀವು ಕೇಳಿಲ್ಲ. ಆದರೆ ಇಂಥ ಪುಟಗಳು ಕೆಡುವುದು ಅಲ್ಲೇ. ಎಪ್ಪತ್ತು ಲಿಂಕ್, ಹತ್ತು ಲಾಂಛನ, ಮೇಲೆ ಓಡುವ ಅಕ್ಷರ. ಯಾರಿಗೂ ಏನೂ ಸಿಗುವುದಿಲ್ಲ. ಫೋನಿನಲ್ಲಿ ಒಂದೆರಡು ಸಲ ಬೆರಳಾಡಿಸಿದರೆ ಪುಟ ಮುಗಿಯುವಷ್ಟೇ ಇರಲಿ. ಹೆಸರುಗಳು ಜನ ಆಡುವ ಮಾತಿನಲ್ಲಿರಲಿ. 'ಭೂಮಿ' ಅಂತ ಬರೆಯುವುದಕ್ಕಿಂತ 'ಪಹಣಿ ನೋಡಲು' ಅಂತ ಬರೆಯಿರಿ. 'ನಾಡಕಚೇರಿ' ಬದಲು 'ಜಾತಿ, ಆದಾಯ ಪ್ರಮಾಣ ಪತ್ರ'. 'ಎಸ್‌ಎಸ್‌ಪಿ' ಬದಲು 'ವಿದ್ಯಾರ್ಥಿವೇತನ'. ಇಲಾಖೆಯ ಹೆಸರು ಬೇಕಾದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಬರಲಿ. ಓದುವ ಮಕ್ಕಳಿಗೆ ಪಠ್ಯಪುಸ್ತಕ ಸಂಘದ ಪುಟ, ದೀಕ್ಷಾ, ಕಣಜ, ಕನ್ನಡ ವಿಕಿಪೀಡಿಯ, ವಿ. ಕೃಷ್ಣ ಅವರ ಅಲರ್ ನಿಘಂಟು ಸಾಕು. ಸಿಇಟಿ ಮತ್ತು ಫಲಿತಾಂಶದ ಲಿಂಕ್‌ಗಳನ್ನು ಆಯಾ ಕಾಲದಲ್ಲಿ ಮೇಲಕ್ಕೆ ತನ್ನಿ, ಆಮೇಲೆ ಕೆಳಕ್ಕೆ ಕಳಿಸಿ. ಸೈಬರ್ ವಂಚನೆಗೆ 1930, ಮಕ್ಕಳ ಸಹಾಯವಾಣಿ 1098, ಇವೆರಡು ಸಂಖ್ಯೆಗಳು ಪುಟದ ಬುಡದಲ್ಲಿ ಸದಾ ಇರಲಿ.

ಲಿಂಕ್ ಹಾಕುವಾಗ ಆದಷ್ಟೂ ಆ ವೆಬ್‌ಸೈಟಿನ ಮುಖಪುಟಕ್ಕೇ ಹಾಕಿ. ಒಳಗಿನ ಪುಟದ ಉದ್ದನೆಯ ವಿಳಾಸ ಎತ್ತಿ ಹಾಕಿದರೆ ಅದು ನಿಮ್ಮ ಆ ಹೊತ್ತಿನ ಲಾಗಿನ್‌ಗೆ ಅಂಟಿಕೊಂಡದ್ದಾಗಿರಬಹುದು. ಮಾರನೇ ದಿನ ತೆರೆಯುವುದಿಲ್ಲ. ಮುಖಪುಟದಿಂದ ಏನು ಒತ್ತಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದುಬಿಡಿ.

ಇದಕ್ಕಿಂತ ದೊಡ್ಡ ವಿಷಯ ನಕಲಿ ವೆಬ್‌ಸೈಟುಗಳದು. ನಿಮ್ಮ ಪುಟದಲ್ಲಿದೆ ಅಂದರೆ ಜನ ಕಣ್ಣುಮುಚ್ಚಿ ನಂಬುತ್ತಾರೆ. ಆದ್ದರಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕನ್ನು ಎತ್ತಿ ಹಾಕಬೇಡಿ. ಗೂಗಲ್ ಹುಡುಕಾಟದಲ್ಲಿ ಮೊದಲಿಗೆ ಬಂದದ್ದನ್ನೂ ಹಾಗೇ ಹಾಕಬೇಡಿ, ಅದು ಕಾಸು ಕೊಟ್ಟು ಹಾಕಿಸಿದ ಜಾಹೀರಾತು ಇರಬಹುದು. ವಿಳಾಸದಲ್ಲಿ ಆರಂಭದ ಎರಡು ಓರೆಗೆರೆ ಬಿಟ್ಟು, ಮುಂದೆ ಬರುವ ಮೊದಲ ಓರೆಗೆರೆ ಎಲ್ಲಿದೆ ನೋಡಿ. ಅದರ ಎಡಕ್ಕೆ ತಗುಲಿಕೊಂಡೇ ಇರುವ ಭಾಗ ಮುಖ್ಯ. ಅಲ್ಲಿ 'ಗೌವ್ ಡಾಟ್ ಇನ್' ಅಥವಾ 'ನಿಕ್ ಡಾಟ್ ಇನ್' ಅಂತ ಮುಗಿದಿದ್ದರೆ ಸರ್ಕಾರಿ ವಿಳಾಸ. 'ಕರ್ನಾಟಕ', 'ಗೌವ್' ಎಲ್ಲ ಬಂದು ಕೊನೆಗೆ 'ಡಾಟ್ ಕಾಮ್' ಅಂತಲೋ ಇನ್ನೇನೋ ಅಂತಲೋ ಮುಗಿದರೆ ಅನುಮಾನ ಪಡಿ. ಎಲ್ಲ ಒಳ್ಳೆಯ ವೆಬ್‌ಸೈಟೂ ಸರ್ಕಾರಿ ವಿಳಾಸದಲ್ಲೇ ಇರಬೇಕೆಂದಿಲ್ಲ, ಅಲರ್ ಇಲ್ಲ, ವಿಕಿಪೀಡಿಯ ಇಲ್ಲ. ಆದರೆ ಆಧಾರ್ ಸಂಖ್ಯೆ, ಹಣ, ಅರ್ಜಿ ಕೇಳುವ ಜಾಗವಾದರೆ ಈ ಪರೀಕ್ಷೆ ಬಿಡಬೇಡಿ.

ಕನ್ನಡ ಟೈಪಿಂಗ್ ಬಗ್ಗೆ ಒಂದು ಮಾತು. ಕಚೇರಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿಟ್ಟದ್ದನ್ನು ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಪುಟಕ್ಕೆ ಬೇಕಿರುವುದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಪ್ಪಿಕೊಂಡ ಅಕ್ಷರ ಪದ್ಧತಿ. ನುಡಿ, ಬರಹ ಎರಡರ ಹೊಸ ಆವೃತ್ತಿಗಳಲ್ಲೂ ಆ ಆಯ್ಕೆ ಇದೆ. ಫೋನಿನಲ್ಲಿ ಟೈಪಿಸಿದರೆ ಅದು ಯೂನಿಕೋಡೇ, ಚಿಂತೆಯಿಲ್ಲ.

ಈಗ ಬ್ರೌಸರಿಗೆ ಹಾಕುವ ಕೆಲಸ. ಇಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ, ಜನ ಮೂರಕ್ಕೂ 'ಹೋಮ್‌ಪೇಜ್' ಅಂತಲೇ ಹೇಳುತ್ತಾರೆ. ಬ್ರೌಸರ್ ತೆರೆದ ಕೂಡಲೇ ಬರುವ ಪುಟ ಒಂದು. ಮನೆಯ ಚಿತ್ರದ ಗುಂಡಿ ಒತ್ತಿದರೆ ಬರುವುದು ಇನ್ನೊಂದು. ಹೊಸ ಟ್ಯಾಬ್ ತೆರೆದಾಗ ಕಾಣುವುದು ಮತ್ತೊಂದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಆನ್ ಸ್ಟಾರ್ಟಪ್' ಅನ್ನುವಲ್ಲಿ 'ಓಪನ್ ಎ ಸ್ಪೆಸಿಫಿಕ್ ಪೇಜ್' ಆರಿಸಿ ನಿಮ್ಮ ವಿಳಾಸ ಕೊಡಿ. ಆಮೇಲೆ 'ಅಪಿಯರೆನ್ಸ್' ಅನ್ನುವಲ್ಲಿ 'ಶೋ ಹೋಮ್ ಬಟನ್' ಚಾಲೂ ಮಾಡಿ ಅಲ್ಲೂ ಅದೇ ವಿಳಾಸ ಕೊಡಿ. ಎರಡನೆಯದನ್ನು ಬಿಡಬೇಡಿ. ಎಲ್ಲೋ ಕಳೆದುಹೋದ ಮಗುವಿಗೆ "ಮನೆ ಒತ್ತು" ಅಂದರೆ ಸಾಕು, ಪುಟ ವಾಪಸ್ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇವೆರಡಕ್ಕೂ ಒಂದೇ ಜಾಗ, ಸೆಟ್ಟಿಂಗ್ಸ್‌ನ 'ಹೋಮ್' ವಿಭಾಗ.

ಹೊಸ ಟ್ಯಾಬನ್ನು ಹಾಗೇ ಬಿಟ್ಟುಬಿಡಿ. ಅದನ್ನು ಬದಲಿಸಲು ಕ್ರೋಮ್‌ಗೂ ಫೈರ್‌ಫಾಕ್ಸ್‌ಗೂ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ, ಬೇಕಾಗುತ್ತದೆ. ಅಂದವಾದ ಗಡಿಯಾರ, ಹವಾಮಾನ, ಬೆಟ್ಟದ ಚಿತ್ರ ತೋರಿಸುವ ಎಕ್ಸ್‌ಟೆನ್ಷನ್‌ಗಳು ನೂರಾರಿವೆ. ಕೆಲವು ಒಳ್ಳೆಯವೇ. ಆದರೆ ಸುಮ್ನೆ ಒಂದು ಚಿತ್ರಕ್ಕೋಸ್ಕರ 'ನೀವು ನೋಡುವ ಎಲ್ಲ ಪುಟಗಳನ್ನೂ ಓದುತ್ತೇನೆ' ಅನ್ನುವ ಅನುಮತಿ ಕೇಳುವವಕ್ಕೆ ಒಪ್ಪಿಗೆ ಕೊಡುವುದು ಸಾರ್ವಜನಿಕ ಯಂತ್ರದಲ್ಲಿ ಸರಿಯಲ್ಲ. ಹೋಮ್‌ಪೇಜ್ ತಾನಾಗೇ ಬದಲಾಗಿ ಯಾವುದೋ ಹುಡುಕಾಟದ ಪುಟ ಬರುತ್ತಿದೆ ಅಂತ ಜನ ಹೇಳುವಾಗ ನಾನು ಮೊದಲು ನೋಡುವುದೇ ಎಕ್ಸ್‌ಟೆನ್ಷನ್ ಪಟ್ಟಿಯನ್ನು. ಅದನ್ನು ತೆಗೆದ ಮೇಲೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ರೀಸೆಟ್' ಇದೆ. ಅದಕ್ಕೆ ಬುಕ್‌ಮಾರ್ಕ್ ಅಳಿಯುವುದಿಲ್ಲ, ಆದರೆ ಸ್ಟಾರ್ಟಪ್ ಪುಟ, ಮನೆ ಗುಂಡಿಯ ವಿಳಾಸ ಮತ್ತೆ ಹಾಕಬೇಕಾಗುತ್ತದೆ.

ಹುಡುಗರು ಬೇಕಂತಲೇ ಬದಲಿಸುತ್ತಾರೆ ಅಂದರೆ ಫೈರ್‌ಫಾಕ್ಸ್‌ನಲ್ಲಿ ಬೀಗ ಹಾಕುವ ದಾರಿ ಇದೆ. ಫೈರ್‌ಫಾಕ್ಸ್ ಇರುವ ಫೋಲ್ಡರಿನೊಳಗೆ 'ಡಿಸ್ಟ್ರಿಬ್ಯೂಷನ್' ಅಂತ ಒಂದು ಫೋಲ್ಡರ್ ಮಾಡಿ, ಅದರಲ್ಲಿ 'ಪಾಲಿಸೀಸ್' ಹೆಸರಿನ ಚಿಕ್ಕ ಫೈಲ್ ಇಟ್ಟರೆ ಹೋಮ್‌ಪೇಜನ್ನು ಯಾರೂ ಬದಲಿಸಲಾಗದಂತೆ ಮಾಡಬಹುದು. ತಾಲೂಕಿನ ಕಂಪ್ಯೂಟರ್ ರಿಪೇರಿಯವರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ. ಕ್ರೋಮ್‌ನಲ್ಲೂ ಇಂಥ ವ್ಯವಸ್ಥೆ ಇದೆ. ಆದರೆ ವಿಂಡೋಸ್‌ನಲ್ಲಿ ಅದು ದೊಡ್ಡ ಕಚೇರಿಗಳ ಹಾಗೆ ಒಂದೇ ಆಡಳಿತದಡಿ ಜೋಡಿಸಿದ ಯಂತ್ರಗಳಿಗೆ ಮಾತ್ರ, ಬಿಡಿ ಯಂತ್ರದಲ್ಲಿ ನಡೆಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ಅನುಕೂಲವೂ ಇದೆ. ಮುಚ್ಚಿದ ಕೂಡಲೇ ಹಿಸ್ಟರಿ, ಕುಕ್ಕಿ (ಯಾರು ಲಾಗಿನ್ ಆಗಿದ್ದಾರೆ ಅಂತ ವೆಬ್‌ಸೈಟ್ ನೆನಪಿಟ್ಟುಕೊಳ್ಳುವ ಗುರುತು) ಅಳಿಸು ಅಂತ ಒಂದೇ ಕಡೆ ಹೇಳಬಹುದು. ಸೈನ್ ಔಟ್ ಮಾಡದೆ ಎದ್ದುಹೋಗುವವರು ಎಷ್ಟು ಜನ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನನ್ನ ಕೇಳಿದರೆ, ಮೂರೂ ಯಂತ್ರಕ್ಕೆ ಫೈರ್‌ಫಾಕ್ಸೇ ಹಾಕಿ.

ನೆಟ್ ಹೋದಾಗ ಏನು ಮಾಡುವುದು? ನಿಮ್ಮ ಪುಟ ನೆಟ್‌ನಲ್ಲಿರುವುದರಿಂದ ಅದೂ ತೆರೆಯುವುದಿಲ್ಲ. ಇದಕ್ಕೆ ಕಂಪ್ಯೂಟರಿನೊಳಗೇ ಇನ್ನೊಂದು ಚಿಕ್ಕ ಪುಟ ಇಡಬಹುದು. ಲಿಬ್ರೆಆಫೀಸ್ ರೈಟರ್‌ನಲ್ಲಿ ಪಟ್ಟಿ ಬರೆದು, ಲಿಂಕ್ ಕೊಟ್ಟು, 'ಸೇವ್ ಆ್ಯಸ್'ನಲ್ಲಿ ಎಚ್‌ಟಿಎಂಎಲ್ ಆರಿಸಿ. ಅದೇ ಫೋಲ್ಡರಿನಲ್ಲಿ ಪಠ್ಯಪುಸ್ತಕಗಳ ಪಿಡಿಎಫ್ ಇಳಿಸಿಟ್ಟು ಅವಕ್ಕೂ ಲಿಂಕ್ ಕೊಡಿ. ಕರೆಂಟಿದ್ದು ನೆಟ್ ಇಲ್ಲದ ಮಧ್ಯಾಹ್ನಗಳಲ್ಲಿ ಮಕ್ಕಳು ಎಂಟನೇ ಕ್ಲಾಸಿನ ವಿಜ್ಞಾನ ಓದಬಹುದು. ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ನಿಂದ ಮೂರೂ ಯಂತ್ರಕ್ಕೆ ಹಾಕಿ. ಮೂರರಲ್ಲೂ ಒಂದೇ ಡ್ರೈವ್, ಒಂದೇ ಹೆಸರು ಇರಲಿ. ಫೈಲನ್ನು ಬ್ರೌಸರಿನಲ್ಲಿ ತೆರೆದು, ಮೇಲೆ ಕಾಣುವ ವಿಳಾಸವನ್ನು ಹೋಮ್‌ಪೇಜ್‌ನ ಎರಡನೇ ವಿಳಾಸವಾಗಿ ಸೇರಿಸಿ. ಫೈರ್‌ಫಾಕ್ಸ್‌ನಲ್ಲಿ ಎರಡು ವಿಳಾಸಗಳ ನಡುವೆ ಒಂದು ನಿಂತ ಗೆರೆ ಹಾಕಬೇಕು. ಕ್ರೋಮ್‌ನಲ್ಲಿ 'ಆ್ಯಡ್ ಎ ನ್ಯೂ ಪೇಜ್' ಒತ್ತಿದರೆ ಆಯಿತು. ಬ್ರೌಸರ್ ತೆರೆದಾಗ ಎರಡು ಟ್ಯಾಬ್ ಬರುತ್ತವೆ.

ಈ ಎರಡು ಟ್ಯಾಬಿನ ಉಪಾಯ ಪಕ್ಕದ ಪಂಚಾಯಿತಿಯವರ ವಿಷಯದಲ್ಲೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಪುಟದ ನಕಲು ಮಾಡಿ ಕೊಟ್ಟರೆ ಆರು ತಿಂಗಳಲ್ಲಿ ಅವರದು ಹಳತಾಗಿರುತ್ತದೆ. ಅದರ ಬದಲು ಪುಟವನ್ನು ಎರಡು ಮಾಡಿ. ಪಹಣಿ, ಪ್ರಮಾಣ ಪತ್ರ, ಸಿಇಟಿ ಥರದ್ದು ಎಲ್ಲ ಊರಿಗೂ ಒಂದೇ. ಅದು ಒಂದು ಪುಟದಲ್ಲಿ ಇರಲಿ, ಎಲ್ಲರೂ ಅದನ್ನೇ ಬಳಸಲಿ. ನಿಮ್ಮೂರಿನ ಬಸ್ ವೇಳೆ, ಗ್ರಾಮಸಭೆ ದಿನಾಂಕ, ಕೇಂದ್ರ ತೆರೆಯುವ ಹೊತ್ತು ಇವು ನಿಮ್ಮ ಸ್ವಂತ ಪುಟದಲ್ಲಿ. ಅವರೂ ತಮ್ಮದು ಮಾಡಿಕೊಳ್ಳಲಿ. ಸಾಮಾನ್ಯ ಪುಟವನ್ನು ತಿದ್ದುವ ಹಕ್ಕು ಇಬ್ಬರಿಗೆ, ಹೆಚ್ಚೆಂದರೆ ಮೂವರಿಗೆ ಇರಲಿ. ಗೂಗಲ್ ಸೈಟ್ಸ್‌ನ ಶೇರ್ ಗುಂಡಿಯಲ್ಲಿ ಅವರ ಜಿಮೇಲ್ ಕೊಟ್ಟು 'ಎಡಿಟರ್' ಮಾಡಿದರೆ ಸಾಕು, ಪಾಸ್‌ವರ್ಡ್ ಕೊಡಬೇಕಿಲ್ಲ. ಎಲ್ಲರಿಗೂ ಎಡಿಟರ್ ಹಕ್ಕು ಕೊಟ್ಟ ಪುಟಗಳಲ್ಲಿ ಜಾಸ್ತಿ ಆಗುವುದು ಹಬ್ಬದ ಶುಭಾಶಯಗಳ ಚಿತ್ರ. ಯಾರಾದರೂ ಕೆಡಿಸಿದರೂ ಗಾಬರಿ ಬೇಡ, 'ವರ್ಷನ್ ಹಿಸ್ಟರಿ'ಯಿಂದ ಹಿಂದಿನ ರೂಪ ವಾಪಸ್ ತರಬಹುದು.

ಪುಟ ಎಲ್ಲರಿಗೂ ತೆರೆದಿರುತ್ತದೆ ಅನ್ನುವುದು ಸದಾ ನೆನಪಿರಲಿ. 'ವಿಳಾಸ ನಮ್ಮೂರಿನವರಿಗಷ್ಟೇ ಗೊತ್ತು' ಅಂದುಕೊಳ್ಳಬೇಡಿ. ಹುಡುಕಾಟದಲ್ಲಿ ಬರದಂತೆ ಮಾಡುವ ಆಯ್ಕೆ ಪಬ್ಲಿಷ್ ಮಾಡುವಾಗ ಸಿಗುತ್ತದೆ, ಆದರೆ ಅದರಿಂದ ಪುಟ ಗುಟ್ಟಾಗುವುದಿಲ್ಲ. ಮಕ್ಕಳ ಹೆಸರು, ಫೋಟೋ, ಸದಸ್ಯರ ಮೊಬೈಲ್ ನಂಬರ್ ಅಲ್ಲಿ ಹಾಕಬೇಡಿ. ಗೂಗಲ್ ಡ್ರೈವ್‌ನ ಯಾವುದಾದರೂ ಫೈಲಿಗೆ ಲಿಂಕ್ ಕೊಡುವಾಗ ಅದು 'ವ್ಯೂವರ್' ಲಿಂಕಾ, 'ಎಡಿಟರ್' ಲಿಂಕಾ ನೋಡಿಕೊಳ್ಳಿ. ಪುಸ್ತಕಗಳ ಪಟ್ಟಿಗೆ ಎಡಿಟರ್ ಲಿಂಕ್ ಕೊಟ್ಟರೆ ಯಾರೋ ಒಬ್ಬರು ಇಡೀ ಪಟ್ಟಿ ಅಳಿಸಬಹುದು.

ಇನ್ನು ಫೋನು. ಆ್ಯಂಡ್ರಾಯ್ಡ್ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲೂ 'ಹೋಮ್‌ಪೇಜ್' ಇದೆ, ಅಲ್ಲಿ ವಿಳಾಸ ಹಾಕಬಹುದು. ಆದರೆ ಊರಿನವರಿಗೆ ಅದು ಯಾಕೆ? ಪುಟ ತೆರೆದು ಮೂರು ಚುಕ್ಕೆ ಒತ್ತಿ 'ಆ್ಯಡ್ ಟು ಹೋಮ್ ಸ್ಕ್ರೀನ್' ಕೊಟ್ಟರೆ ವಾಟ್ಸ್ಆ್ಯಪ್ ಪಕ್ಕದಲ್ಲೇ ನಿಮ್ಮ ಪುಟದ ಚಿಹ್ನೆ ಬಂದು ಕೂರುತ್ತದೆ. ಐಫೋನಿನ ಸಫಾರಿಯಲ್ಲಿ ಇದು ಶೇರ್ ಗುಂಡಿಯೊಳಗಿದೆ. ವಿಳಾಸವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಎರಡೇ ದಿನದಲ್ಲಿ ಉಳಿದ ಮೆಸೇಜ್‌ಗಳಡಿ ಮುಚ್ಚಿಹೋಗುತ್ತದೆ. ಕೇಂದ್ರದ ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸುವುದು ಮೇಲು. ಅದನ್ನು ಕಂಪ್ಯೂಟರಿನ ಕ್ರೋಮ್‌ನಿಂದಲೇ ಮಾಡಿ. ಪುಟ ತೆರೆದಿರುವಾಗ ಶೇರ್ ಆಯ್ಕೆಗಳಲ್ಲಿ 'ಕ್ರಿಯೇಟ್ ಕ್ಯೂಆರ್ ಕೋಡ್' ಸಿಗುತ್ತದೆ, ನಡುವೆ ಒಂದು ಪುಟ್ಟ ಡೈನೋಸಾರ್ ಇರುತ್ತದೆ. 'ಬಿಟ್ಟಿ ಕ್ಯೂಆರ್' ಅಂತ ಸಿಗುವ ಕೆಲವು ವೆಬ್‌ಸೈಟುಗಳು ನಿಮ್ಮ ವಿಳಾಸದ ಬದಲು ತಮ್ಮದೇ ಒಂದು ವಿಳಾಸವನ್ನು ಕೋಡ್‌ನಲ್ಲಿ ತುರುಕುತ್ತವೆ. ಕೆಲವು ವಾರ ಆದಮೇಲೆ ಅದು ಕೆಲಸ ನಿಲ್ಲಿಸಿ ಹಣ ಕೇಳುತ್ತದೆ. ಅಷ್ಟರಲ್ಲಿ ನೀವು ಫ್ಲೆಕ್ಸ್ ಮಾಡಿಸಿರುತ್ತೀರಿ.

ಅಂಟಿಸುವ ಮೊದಲು ನಿಮ್ಮದಲ್ಲದ ಒಂದು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಆ ಜಿಮೇಲ್ ಖಾತೆ ಇಲ್ಲದ ಫೋನಿನಲ್ಲಿ. ಪುಟ ನೇರವಾಗಿ ತೆರೆದರೆ ಸರಿ. ಸೈನ್ ಇನ್ ಕೇಳಿದರೆ ಆ 'ಪಬ್ಲಿಕ್' ಸೆಟ್ಟಿಂಗ್ ಇನ್ನೂ ಬಾಕಿ ಇದೆ ಅಂತ ಅರ್ಥ.